ಎದುರು ಕುರ್ಚಿಯ ದನಿ

‘ಕಷ್ಟದ ಸಹೋದ್ಯೋಗಿಗಳೊಡನೆ ಹೊಂದಿಕೊಂಡು ಹೋಗುವುದು ಹೇಗೆ, ಪ್ರಶ್ನಾರ್ಥಕ, ಪ್ಯಾರಾ’ ಎಂದು ಎದುರು ಕುರ್ಚಿಯಿಂದ ಮೇಷ್ಟ್ರು ಓದಿದಾಗ ಅವನು ತಲೆಯೆತ್ತಲಿಲ್ಲ. ಎತ್ತಿದ್ದರೆ ಅವರ ಮುಖ ನೋಡಬೇಕಾಗುತ್ತಿತ್ತು, ನೋಡಿದ್ದರೆ ಅಲ್ಲೆಲ್ಲಾದರೂ ಒಂದೆಳೆ ನಗು ಇದೆಯೋ ಇಲ್ಲವೋ ಎಂದು ಹುಡುಕಬೇಕಾಗುತ್ತಿತ್ತು. ಪ್ರೂಫ್ ಹಾಳೆಯಲ್ಲಿ ‘ಹೊಂದಿಕೊಂಡು’ ಎಂಬಲ್ಲಿ ಒಂದು ಸೊನ್ನೆ ಅರ್ಧ ಮಾತ್ರ ಮೂಡಿತ್ತು. ಅದಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ, ಅಂಚಿನಲ್ಲಿ ಗುರುತು ಮಾಡಿ, ಮುಂದಿನ ಸಾಲಿನ ಕೆಳಗೆ ಅಡಿಪಟ್ಟಿ ಸರಿಸಿ ಕಾದ. ಯಾವುದೋ ತರಬೇತಿ ಸಂಸ್ಥೆಯವರು ಅಚ್ಚಿಗೆ ಕೊಟ್ಟಿದ್ದ ನಲವತ್ತೆಂಟು ಪುಟದ ಕೈಪಿಡಿ ಅದು. ಬೆಳಿಗ್ಗೆ ಮೇಜಿನ ಮೇಲೆ ಕಂಡಾಗ ಯಾರೋ ಬೇಕೆಂದೇ ಮಾಡಿದ ಚೇಷ್ಟೆ ಅನಿಸಿ ಕಿವಿ ಬಿಸಿಯಾಗಿತ್ತು. ಆದರೆ ಮುದ್ರಣಾಲಯಕ್ಕೆ ಬರುವ ಪುಸ್ತಕಗಳಿಗೆ ಯಾರ ಮೇಲೂ ಹಗೆ ಇರುವುದಿಲ್ಲ. ಮೊನ್ನೆ ಜೇನುಸಾಕಣೆ, ನಿನ್ನೆ ಲಿಫ್ಟು ರಿಪೇರಿ, ಇವತ್ತು ಇದು.

ಈ ಮುದ್ರಣಾಲಯದಲ್ಲಿ ಕರಡು ತಿದ್ದುವುದು ಇಬ್ಬರ ಕೆಲಸ. ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಕಾಮಾ ಫುಲ್‌ಸ್ಟಾಪುಗಳನ್ನೂ ಬಿಡದೆ. ಇನ್ನೊಬ್ಬರು ಅಚ್ಚಾಗಿ ಬಂದ ಹಾಳೆಯ ಮೇಲೆ ಕಣ್ಣಿಟ್ಟು, ಕಿವಿಗೆ ಬಿದ್ದದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ತಾಳೆ ನೋಡುತ್ತ ತಿದ್ದಬೇಕು. ಓದುವವರು ಮೇಷ್ಟ್ರು, ಹಿಂದೆ ಎರಡು ವರ್ಷ ಯಾವುದೋ ಶಾಲೆಯಲ್ಲಿ ಪಾಠ ಹೇಳಿದ್ದರೆಂದು ಎಲ್ಲರೂ ಹಾಗೇ ಕರೆಯುತ್ತಿದ್ದರು. ತಿದ್ದುವವನು ಅವನು. ಅವನಿಗೂ ಒಂದು ಹೆಸರಿತ್ತು, ಬೆನ್ನ ಹಿಂದಿನದು. ಆರು ವರ್ಷದ ಕೆಳಗೆ ಒಂದು ದಿನ ಕೈ ತೊಳೆಯುತ್ತಿದ್ದಾಗ ಗೋಡೆಯ ಆಚೆಯಿಂದ ಮಶೀನಿನವರ ಮಾತು ಕೇಳಿಸಿತ್ತು. ‘ತಿದ್ದಪ್ಪ ಸಹಿ ಹಾಕಿದ್ನೇನೋ?’ ‘ಅವನಾ? ಹುಟ್ಟಿದ ತಕ್ಷಣ ಅವರಪ್ಪನ್ನೇ ತಿದ್ದಿರ್ತಾನೆ.’ ನಕ್ಕಿದ್ದರು. ಅವನು ನಲ್ಲಿ ನಿಲ್ಲಿಸದೆ, ಅವರು ಅಲ್ಲಿಂದ ಹೋಗುವವರೆಗೂ ಕೈ ತೊಳೆಯುತ್ತಲೇ ಇದ್ದ. ಆ ನಗುವಿನಲ್ಲಿ ಮೇಷ್ಟ್ರ ದನಿಯೂ ಇತ್ತೇ ಎಂದು ಕಿವಿಗೊಟ್ಟಿದ್ದ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಪ್ಲೈವುಡ್ಡಿನ ಅಡ್ಡಗೋಡೆ ಹಾಕಿ ಮಾಡಿದ ಆ ಕೋಣೆಯಲ್ಲಿ ಎರಡು ಕುರ್ಚಿ, ನಡುವೆ ಒಂದು ಮೇಜು, ಪಕ್ಕದ ಕಟ್ಟಡದ ನೀರಿನ ಕೊಳವೆಯನ್ನು ಮಾತ್ರ ತೋರಿಸುವ ಒಂದು ಕಿಟಕಿ. ಸ್ವಲ್ಪ ಮೈಮರೆತರೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಅಷ್ಟು ಹತ್ತಿರ ಕೂತು ಹನ್ನೊಂದು ವರ್ಷದಿಂದ ಇಬ್ಬರೂ ಮಾತಾಡಿರಲಿಲ್ಲ. ಆದರೂ ದಿನಕ್ಕೆ ಆರು ಗಂಟೆ ಮೇಷ್ಟ್ರು ಅವನೊಬ್ಬನಿಗಾಗಿ ಓದುತ್ತಿದ್ದರು. ‘ಮಾನ್ಯರೇ’ ಎನ್ನುತ್ತಿದ್ದರು, ‘ಪ್ರೀತಿಯ ಮಕ್ಕಳೇ’ ಎನ್ನುತ್ತಿದ್ದರು. ಒಮ್ಮೆ ಒಂದು ಕಾದಂಬರಿ ಬಂದಾಗ ಅವನ ಮುಖದ ಎದುರಿಗೇ, ಮಾರುಕಟ್ಟೆಯ ದರಪಟ್ಟಿ ಓದುವ ದನಿಯಲ್ಲಿ, ‘ನೀನಿಲ್ಲದೆ ನಾನು ಹೇಗೆ ಬದುಕಲಿ, ಪ್ರಶ್ನಾರ್ಥಕ’ ಎಂದಿದ್ದರು. ಪುಸ್ತಕದಲ್ಲಿ ಇಲ್ಲದ ಯಾವುದನ್ನಾದರೂ ಹೇಳಬೇಕಾದರೆ ಬೈಂಡಿಂಗ್ ವಿಭಾಗದ ಹೊಲಿಗೆಯಕ್ಕ ಬರಬೇಕಿತ್ತು. ಹಾಳೆಗಳನ್ನು ಮಡಿಸಿ ದಾರದಲ್ಲಿ ಪೋಣಿಸುತ್ತ ಇಪ್ಪತ್ತು ವರ್ಷ ಕಳೆದ ಆಕೆ ಬಾಗಿಲಲ್ಲಿ ನಿಂತು, ‘ಪಂಖ ಸ್ವಲ್ಪ ಕಡಿಮೆ ಮಾಡ್ಬೇಕಂತೆ ಅವರಿಗೆ’ ಎಂದು ಇವನಿಗೂ, ‘ಮಾಡ್ತಾರಂತೆ’ ಎಂದು ಅವರಿಗೂ ಹೇಳಿ, ‘ನನ್ನ ಹಣೇಲಿ ಇದನ್ನೂ ಬರೆದಿತ್ತು’ ಎಂದು ಗೊಣಗಿಕೊಂಡು ಹೋಗುತ್ತಿದ್ದಳು. ಯಾರಾದರೂ ಕೇಳಿದರೆ ಅವನು ‘ಮೇಷ್ಟ್ರ ಜೊತೆ ಏಗೋದು ಕಷ್ಟ’ ಎನ್ನುತ್ತಿದ್ದ. ಕೇಳಿದವರು ಹೌದೆಂದು ತಲೆಯಾಡಿಸುತ್ತಿದ್ದರು. ಹೇಳೀ ಹೇಳೀ ಅವನಿಗೇ ಅದು ನಿಜವಾಗಿಹೋಗಿತ್ತು.

ಮನೆಯಲ್ಲಿ ಅವನೊಬ್ಬನೇ. ಹೆಂಡತಿ ಮಗಳ ಬಾಣಂತನಕ್ಕೆಂದು ಹೋಗಿ ಎರಡೂವರೆ ವರ್ಷವಾಗಿತ್ತು. ಮೊದಲು ‘ಮಗು ಕತ್ತು ನಿಲ್ಲಿಸಲಿ’ ಎಂದಳು, ಆಮೇಲೆ ‘ನಡೆಯೋ ಹಾಗಾಗಲಿ’ ಎಂದಳು. ಈಗ ಮಗು ಓಡಾಡುತ್ತಿತ್ತು. ಅವಳು ಏನೂ ಹೇಳುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ. ಭಾನುವಾರ ಫೋನು ಮಾಡಿ ‘ಊಟ ಆಯ್ತಾ, ಮಾತ್ರೆ ತಗೊಂಡ್ರಾ’ ಎಂದು ಕೇಳುತ್ತಿದ್ದಳು. ಹೀಗಾಗಿ ವಾರದ ಆರು ದಿನ ಅವನ ಕಿವಿಗೆ ಬೀಳುತ್ತಿದ್ದ ಮನುಷ್ಯನ ದನಿ ಎಂದರೆ ಮೇಷ್ಟ್ರದೊಂದೇ. ಅದು ಎಷ್ಟು ಒಳಗಿಳಿದಿತ್ತೆಂದರೆ ದಾರಿಯಲ್ಲಿ ಅಂಗಡಿಯ ಬೋರ್ಡು ಓದಿಕೊಂಡರೂ ಒಳಗೆ ಓದುತ್ತಿದ್ದವರು ಮೇಷ್ಟ್ರೇ. ಹೆಂಡತಿ ಮೊಬೈಲಿನಲ್ಲಿ ಕಳಿಸಿದ ಎರಡು ಸಾಲನ್ನೂ ಅವರೇ ಓದುತ್ತಿದ್ದರು, ಕಾಮಾ ಸಮೇತ.

ಆದ್ದರಿಂದ ಆ ದನಿ ಬಿರುಕು ಬಿಟ್ಟದ್ದು ಮೊದಲು ಗೊತ್ತಾದದ್ದು ಅವನಿಗೆ. ಹೋದ ವರ್ಷ ಶಾಲೆಯ ಪುಸ್ತಕಗಳ ಕೆಲಸ ನಡೆಯುತ್ತಿದ್ದಾಗ, ‘ಹ’ಕಾರ ಬಂದ ಕಡೆ ಗಾಳಿ ಸೋರಿದ ಹಾಗೆ ಕೇಳಿಸಿತು. ನೆಗಡಿಯಿರಬೇಕು ಎಂದುಕೊಂಡ. ಹದಿನೈದು ದಿನ ಬಿಟ್ಟು ಸಾಲಿನ ಕೊನೆ ಕೊನೆಗೆ ದನಿ ಜಾರತೊಡಗಿತು. ದೀರ್ಘಾಕ್ಷರಗಳ ತಳದಲ್ಲಿ ಮರಳು ಸೇರಿತು. ಬೇರೆ ಯಾರಿಗೂ ಕೇಳಿಸದಷ್ಟು ಸಣ್ಣದು. ಅವನ ಕಿವಿಗೆ ಮಾತ್ರ ಅದು ಅಕ್ಷರ ತಪ್ಪಿನ ಹಾಗೆ ಚುಚ್ಚುತ್ತಿತ್ತು. ‘ಗಂಟಲು ಒಮ್ಮೆ ಡಾಕ್ಟರಿಗೆ ತೋರಿಸಿ.’ ನಾಲ್ಕೇ ಮಾತು. ಬಸ್ಸಿನಲ್ಲಿ ಹೇಳಿಕೊಂಡು ನೋಡಿದ, ಕನ್ನಡಿಯ ಮುಂದೆ ಹೇಳಿಕೊಂಡು ನೋಡಿದ. ಒಂದು ಸಂಜೆ ಮೆಟ್ಟಿಲಲ್ಲಿ ಮೇಷ್ಟ್ರು ಮುಂದೆ, ಅವನು ಎರಡು ಮೆಟ್ಟಿಲು ಹಿಂದೆ, ಬಾಯಿ ತೆರೆದೇಬಿಟ್ಟಿದ್ದ. ಅಷ್ಟರಲ್ಲಿ ಅವರು ತಿರುಗಿ ನೋಡಿದರು, ಗೋಡೆ ನೋಡಿದ ಹಾಗೆ, ಮತ್ತೆ ಇಳಿದುಹೋದರು. ಹೊಲಿಗೆಯಕ್ಕನ ಕೈಲಿ ಹೇಳಿಸಲು ಹೋದರೆ ಆಕೆ ಸೂಜಿ ಕಚ್ಚಿಕೊಂಡೇ, ‘ಪಂಖದ ವಿಷಯ ನಾನು ಹೇಳ್ತೀನಪ್ಪ. ಇಂಥದ್ದೆಲ್ಲ ನೀವೇ ಹೇಳಿ, ನಿಮ್ಮ ಬಾಯಿಗೇನು ಬೀಗ ಹಾಕಿದ್ದಾರಾ?’ ಎಂದಿದ್ದಳು. ಹೇಳಲಿಲ್ಲ. ಮೊದಲು ಮಾತಾಡಿದವನು ಸೋತ ಹಾಗೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣವಿತ್ತು, ಅದರ ಹತ್ತಿರ ಅವನು ಹೋಗುತ್ತಿರಲಿಲ್ಲ.

‘ಅಧ್ಯಾಯ ಮೂರು, ಮಾತು ನಿಂತಾಗ, ಪ್ಯಾರಾ. ಇಬ್ಬರ ನಡುವೆ ಮಾತು ನಿಂತುಹೋದಾಗ ಅದನ್ನು ಮತ್ತೆ ಆರಂಭಿಸುವ ಹೊಣೆ,’ ಎಂದು ಓದುತ್ತಿದ್ದ ಮೇಷ್ಟ್ರ ದನಿ ‘ಹೊಣೆ’ಯ ಮೇಲೆ ಒಡೆಯಿತು. ಕೆಮ್ಮಿದರು. ಮತ್ತೆ ‘ಹೊಣೆ’ ಎಂದರು. ಬರೀ ಗಾಳಿ ಬಂತು. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಸಿನೀರು ಬಗ್ಗಿಸಿಕೊಂಡು ಗುಟುಕು ಗುಟುಕಾಗಿ ಕುಡಿದರು, ಒಂದೊಂದು ಗುಟುಕಿಗೂ ಕಣ್ಣು ಮುಚ್ಚಿ. ಅವನು ಪೆನ್ಸಿಲು ಹಿಡಿದು ಆ ಸಾಲಿನಲ್ಲಿ ತಪ್ಪು ಹುಡುಕುವವನಂತೆ ಕೂತ. ತಪ್ಪಿರಲಿಲ್ಲ. ಬಾಗಿಲು ತಳ್ಳಿ ಹೊಲಿಗೆಯಕ್ಕ ಇಣುಕಿದಾಗ ಇಬ್ಬರಿಗೂ ಉಸಿರು ಬಿಟ್ಟ ಹಾಗಾಯಿತು. ‘ನಿಮ್ಮನ್ನ ಮ್ಯಾನೇಜರಮ್ಮ ಕರೀತಿದ್ದಾರೆ,’ ಎಂದು ಅವನತ್ತ ನೋಡಿ ಹೇಳಿದಳು.

ಮ್ಯಾನೇಜರು ಬಂದು ಆರು ತಿಂಗಳಾಗಿತ್ತು. ಅವನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ‘ಕೂತ್ಕೊಳ್ಳಿ,’ ಎಂದಳು. ‘ಮೇಷ್ಟ್ರ ವಿಷಯ. ನಿಮಗೆ ಗೊತ್ತೇ ಇರುತ್ತೆ, ದಿನಾ ಎದುರುಬದುರು ಕೂರೋರು.’ ಅವನು ತಲೆಯಾಡಿಸಿದ. ‘ನಾಳೆಯಿಂದ ರಜೆ. ಆಪರೇಶನ್ ಸೋಮವಾರ ಅಂತೆ. ಜೀವಕ್ಕೇನೂ ಭಯ ಇಲ್ಲ, ಆದ್ರೆ ಧ್ವನಿಪೆಟ್ಟಿಗೇನೇ ತೆಗೀಬೇಕಂತೆ. ಮೂರು ವಾರದಿಂದ ಗೊತ್ತಿದ್ದೂ ಇವತ್ತಿನವರೆಗೂ ಓದಿದ್ದಾರೆ ನೋಡಿ, ಆ ಕೈಪಿಡಿ ಮುಗಿಸೇ ಹೋಗ್ತೀನಿ ಅಂತ ಕೂತಿದ್ದಾರೆ.’ ಅವನು ಇನ್ನೂ ತಲೆಯಾಡಿಸುತ್ತಲೇ ಇದ್ದ, ಎಲ್ಲ ಗೊತ್ತಿದ್ದವನ ಹಾಗೆ. ಕತ್ತನ್ನು ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಮ್ಯಾನೇಜರು ಒಂದು ಹಳೆಯ ಫೈಲು ಅವನತ್ತ ತಿರುಗಿಸಿದಳು. ‘ವಾಪಸು ಬಂದ್ಮೇಲೆ ಅವರು ಓದೋಕಾಗಲ್ಲ. ತಿದ್ದೋ ಕೆಲಸ ಕೊಡೋಣ ಅಂತ ಇದನ್ನ ತೆಗೆಸಿದೆ. ಆದ್ರೆ ನೋಡಿ, ಹಳೇ ಮ್ಯಾನೇಜರು ಏನು ಬರೆದಿಟ್ಟಿದ್ದಾರೆ. ಗಂಭೀರ ನಿರ್ಲಕ್ಷ್ಯ, ಇವರಿಗೆ ಇನ್ನು ಮುಂದೆ ತಿದ್ದುವ ಕೆಲಸ ವಹಿಸಕೂಡದು. ಇದಿರೋವರೆಗೂ ನನ್ನ ಕೈ ಕಟ್ಟಿದ ಹಾಗೆ. ದನಿ ಇಲ್ಲದವರನ್ನ ಇಟ್ಕೊಂಡು ಏನ್ಮಾಡ್ತೀರಿ, ಮನೆಗೆ ಕಳಿಸಿ ಅಂತಾರೆ ಮೇಲಿನವರು. ಮೇಷ್ಟ್ರ ಮಗಳು ಇನ್ನೂ ಓದ್ತಿದ್ದಾಳಂತೆ. ಆವತ್ತು ಏನಾಗಿತ್ತು? ಜೊತೇಲಿದ್ದೋರು ನೀವೇ ಅಲ್ವಾ?’

ಫೈಲಿನಲ್ಲಿ ‘ನಿರ್ಲಕ್ಷ್ಯ’ದ ಯ-ಒತ್ತು ಬಿಟ್ಟುಹೋಗಿತ್ತು. ಹನ್ನೊಂದು ವರ್ಷದಿಂದ ಅದನ್ನು ಯಾರೂ ತಿದ್ದಿರಲಿಲ್ಲ. ಅವನ ಕೈ ತಾನಾಗಿಯೇ ಜೇಬಿನ ಪೆನ್ಸಿಲಿಗೆ ಹೋಯಿತು, ಮತ್ತೆ ಕೆಳಗಿಳಿಯಿತು. ‘ತುಂಬಾ ಹಳೇದು ಮೇಡಂ. ನೆನಪಿಲ್ಲ,’ ಎಂದ. ದನಿ ಸಹಜವಾಗಿಯೇ ಇತ್ತು. ಅದೇ ಅವನಿಗೆ ಹೇಸಿಗೆಯಾದದ್ದು. ಮ್ಯಾನೇಜರು ಫೈಲು ಮುಚ್ಚಿದಳು. ‘ನೆನಪಾದ್ರೆ ಹೇಳಿ. ಇನ್ನೊಂದು ಮಾತು. ಬೈಂಡಿಂಗಿನಲ್ಲಿ ದಿನಕ್ಕೊಂದು ಜಗಳ, ಮಶೀನಿನಲ್ಲಿ ಎರಡು. ನಿಮ್ಮ ರೂಮಿನಿಂದ ಇಷ್ಟು ವರ್ಷದಲ್ಲಿ ಒಂದೇ ಒಂದು ದೂರು ಬಂದಿಲ್ಲ. ಹೊಂದ್ಕೊಂಡು ಹೋಗೋದನ್ನ ನಿಮ್ಮಿಬ್ಬರನ್ನ ನೋಡಿ ಕಲೀಬೇಕು ಎಲ್ರೂ.’

ಅವನು ಕೋಣೆಗೆ ಹೋಗದೆ ಕಾಗದದ ಉಗ್ರಾಣಕ್ಕೆ ಹೋಗಿ ಕಟ್ಟುಗಳ ಸಂದಿಯಲ್ಲಿ ನಿಂತ. ಅಲ್ಲಿ ಯಾವಾಗಲೂ ಒಂದು ಒಣ ತಂಪು, ಯಾರೂ ಇನ್ನೂ ಏನೂ ಬರೆಯದ ಹಾಳೆಗಳ ವಾಸನೆ. ಹನ್ನೊಂದು ವರ್ಷದ ಹಿಂದೆ ಇಬ್ಬರೂ ಸರದಿಯಂತೆ ಕೆಲಸ ಮಾಡುತ್ತಿದ್ದರು, ಒಂದು ವಾರ ಇವನು ಓದಿದರೆ ಅವರು ತಿದ್ದುವುದು, ಮರುವಾರ ಅದಲು ಬದಲು. ನಡುವೆ ಮಾತೂ ಇತ್ತು, ನಗುವೂ ಇತ್ತು. ಮೇಷ್ಟ್ರು ತಮ್ಮ ಊಟದ ಡಬ್ಬಿಯಲ್ಲಿ ಇವನಿಗೂ ಪಾಲು ಕೊಡುತ್ತಿದ್ದರು. ಆ ವಾರ ಓದುವ ಸರದಿ ಇವನದು. ಮಕ್ಕಳನ್ನು ಶಾಲೆಗೆ ಸೇರಿಸುವ ನಿಯಮಗಳ ಪುಸ್ತಕ. ವಯಸ್ಸಿನ ಮಿತಿಯ ಕೆಳಗೆ ‘ಪರಂತು’ ಎಂದು ಶುರುವಾಗುವ ಎರಡು ಸಾಲುಗಳಿದ್ದವು, ಒಂದರ ಕೆಳಗೊಂದು. ಅಚ್ಚು ಜೋಡಿಸಿದವನ ಕಣ್ಣು ಮೊದಲ ಪರಂತುವಿನಿಂದ ಎರಡನೆಯದಕ್ಕೆ ಹಾರಿತ್ತು. ಓದುವಾಗ ಇವನ ಕಣ್ಣೂ ಅಲ್ಲೇ ಹಾರಿತು. ಕಾರಣ ಏನೂ ಇರಲಿಲ್ಲ. ಬೆಳಿಗ್ಗೆ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು, ಸಂಜೆ ಹೊಲಿಸಬೇಕು ಎಂದುಕೊಳ್ಳುತ್ತಿದ್ದ, ಅಷ್ಟೆ. ಬಿಟ್ಟುಹೋದ ಸಾಲು, ಅಂಗವಿಕಲ ಮಕ್ಕಳಿಗೆ ಈ ಮಿತಿ ಅನ್ವಯಿಸುವುದಿಲ್ಲ ಎಂಬುದು. ಪುಸ್ತಕ ಊರೂರಿಗೆ ಹೋಯಿತು. ಎಷ್ಟು ಮಕ್ಕಳು ಶಾಲೆಯ ಬಾಗಿಲಿನಿಂದ ವಾಪಸು ಹೋದರೋ ಲೆಕ್ಕ ಇಟ್ಟವರಿಲ್ಲ. ಆಮೇಲೆ ಹೊಲಿಗೆಯಕ್ಕ ಮತ್ತು ಅವಳ ಜೊತೆಯವರು ಎಂಟು ದಿನ ಕೂತು ಒಂದೊಂದು ಪ್ರತಿಗೂ ತಿದ್ದುಪಡಿಯ ಚೀಟಿ ಅಂಟಿಸಿದರು. ಹಳೆಯ ಮ್ಯಾನೇಜರು ಇಬ್ಬರನ್ನೂ ನಿಲ್ಲಿಸಿಕೊಂಡು, ‘ಮೂಲ ಕಾಪಿಯಲ್ಲಿ ಸಾಲು ಇದೆ, ಪ್ರೂಫಿನಲ್ಲಿ ಇಲ್ಲ, ಕೆಳಗೆ ಸಹಿ ನಿಮ್ಮದು’ ಎಂದು ಮೇಷ್ಟ್ರಿಗೆ ಹೇಳಿ, ಇವನ ಕಡೆ ತಿರುಗಿ ‘ನೀವು ಈ ಸಾಲು ಓದಿದ್ರಾ?’ ಎಂದು ಕೇಳಿದ್ದರು. ‘ಓದಿದ್ದೆ ಸಾರ್.’ ಬಾಯಿಗೆ ಅದು ಬಂದ ವೇಗ ಇವತ್ತಿಗೂ ಅವನಿಗೆ ಅರ್ಥವಾಗಿರಲಿಲ್ಲ. ಹೇಳುವಾಗ ನಿಜವೆಂದೇ ಅನಿಸಿತ್ತು. ಬಾಗಿಲು ದಾಟುವಷ್ಟರಲ್ಲಿ ಸುಳ್ಳೆಂದು ಗೊತ್ತಾಗಿತ್ತು. ಬಾಗಿಲಿನಿಂದ ಹಿಂದಿರುಗಿ ಒಳಗೆ ಹೋಗಲು ಏಳೆಂಟು ಹೆಜ್ಜೆ. ಆ ಹೆಜ್ಜೆಗಳು ದಿನದಿಂದ ದಿನಕ್ಕೆ ಹೆಚ್ಚುತ್ತ ಹೋದವು. ಮೇಷ್ಟ್ರ ಕೈಯಿಂದ ಪೆನ್ಸಿಲು ಹೋಯಿತು. ಇನ್ನು ಮೇಲೆ ಅವರು ಓದಲಿ, ಇವರು ತಿದ್ದಲಿ ಎಂದಾಯಿತು. ಹನ್ನೊಂದು ವರ್ಷ, ದಿನಕ್ಕೆ ಆರು ಗಂಟೆ. ಅವನು ಹತ್ತಿರ ಹೋಗದೆ ಉಳಿಸಿದ್ದ ಕಾರಣ ಇದೇ. ಗಂಟಲಿನ ಮಾತು ಎತ್ತಿದರೆ, ಯಾಕೆ ಒಬ್ಬರ ಗಂಟಲೇ ಇಷ್ಟು ಸವೆಯಿತು ಎಂಬ ಮಾತೂ ಬರುತ್ತಿತ್ತು.

ಊಟದ ಹೊತ್ತಿಗೆ ಹಿಂತಿರುಗಿದಾಗ ಮೇಷ್ಟ್ರು ಗೋಡೆಗೆ ಮುಖ ಮಾಡಿ ಒಂದು ಲೋಟದಿಂದ ತೆಳ್ಳಗಿನದೇನನ್ನೋ ಚಮಚದಲ್ಲಿ ಕುಡಿಯುತ್ತಿದ್ದರು. ಅವರ ಕತ್ತಿನ ಹಿಂದಿನ ಮೂಳೆ ಎದ್ದುಕಂಡಿತು. ಇಷ್ಟು ಬಡವಾದದ್ದು ಯಾವಾಗ? ದನಿಯನ್ನು ಅಷ್ಟು ಬಲ್ಲವನು ಮೈಯನ್ನು ನೋಡಿಯೇ ಇರಲಿಲ್ಲ. ತನ್ನ ಡಬ್ಬಿ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟ. ಅಗಿಯುವ ಸದ್ದು ಕೋಣೆಯಿಡೀ ಕೇಳಿಸಿದ ಹಾಗಾಗಿ ಡಬ್ಬಿ ಮುಚ್ಚಿದ. ಎರಡು ಗಂಟೆಗೆ ಮೇಷ್ಟ್ರು ಬಾಯಿ ಒರೆಸಿಕೊಂಡು ಕೈಪಿಡಿ ತೆಗೆದು ಓದತೊಡಗಿದರು. ದನಿ ಇರಲಿಲ್ಲ. ತುಟಿ ಆಡುತ್ತಿತ್ತು, ಪಿಸುಗುಟ್ಟುವಿಕೆಯ ನಡುನಡುವೆ ಒಂದೊಂದು ಅಕ್ಷರ ಮಾತ್ರ ಮೇಲೆ ತೇಲಿ ಬರುತ್ತಿತ್ತು, ಆದರೂ ‘ಕಾಮಾ’ ಬಿಡುತ್ತಿರಲಿಲ್ಲ. ಅರ್ಧ ಪುಟ ಆಗುವವರೆಗೆ ಅವನು ತಡೆದುಕೊಂಡ. ಆಮೇಲೆ ಪೆನ್ಸಿಲು ಕೆಳಗಿಟ್ಟು ಎದ್ದು ಹೋದ.

‘ಆ ಸಾಲು ನಾನು ಓದಿರಲಿಲ್ಲ ಮೇಡಂ,’ ಎಂದು ನಿಂತುಕೊಂಡೇ ಹೇಳಿದ. ಮ್ಯಾನೇಜರಿಗೆ ಮೊದಲು ಯಾವ ಸಾಲೆಂದು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಆ ಫೈಲನ್ನು ಮತ್ತೆ ತೆರೆದಳು.

‘ಬೆಳಿಗ್ಗೆ ನೆನಪಿಲ್ಲ ಅಂದ್ರಿ.’

‘ಬೆಳಿಗ್ಗೆ ಸುಳ್ಳು ಹೇಳಿದೆ.’

‘ಆವತ್ತು?’

‘ಆವತ್ತೂ.’

‘ಬರೆದು ಕೊಡ್ತೀರಾ?’

ಬರೆದ. ಒಂದು ಪುಟವೂ ಆಗಲಿಲ್ಲ. ಬರೆದು ಮುಗಿಸಿ, ಅಭ್ಯಾಸ ಬಲದಿಂದ ಮತ್ತೊಮ್ಮೆ ಓದಿ, ಎರಡು ಕಡೆ ಕಾಗುಣಿತ ತಿದ್ದಿದ. ಕೆಳಗೆ ಸಹಿ ಹಾಕಿದ. ‘ಮೇಲಿನವರು ನಿಮಗೇನು ಮಾಡ್ತಾರೋ ನನಗೆ ಗೊತ್ತಿಲ್ಲ,’ ಎಂದಳು ಮ್ಯಾನೇಜರು. ಬೆಳಗಿನ ಆದರ ಆ ಮಾತಿನಲ್ಲಿರಲಿಲ್ಲ. ‘ಅವರಿಗೆ ತಿದ್ದೋ ಕೆಲಸ ಸಿಗೋ ಹಾಗೆ ನಾನು ನೋಡ್ತೀನಿ. ಓದೋರು ನೀವಾಗ್ತೀರಿ.’

ಕೋಣೆಗೆ ಬಂದು ಕುರ್ಚಿಯಲ್ಲಿ ಕೂತಾಗ ಮೇಷ್ಟ್ರು ಬೆರಳನ್ನು ಸಾಲಿನ ಮೇಲೆ ಇಟ್ಟುಕೊಂಡೇ ಕಾಯುತ್ತಿದ್ದರು. ‘ಮೇಷ್ಟ್ರೇ,’ ಎಂದ. ಆ ಶಬ್ದ ಆ ಕೋಣೆಯಲ್ಲಿ ಕುರ್ಚಿ ಬಿದ್ದ ಹಾಗೆ ಕೇಳಿಸಿತು. ‘ಆವತ್ತು ನಾನು ಆ ಸಾಲು ಓದಿರಲಿಲ್ಲ. ಮೇಡಂಗೆ ಹೇಳಿ ಬಂದೆ. ಬರೆದೂ ಕೊಟ್ಟೆ.’

ಮೇಷ್ಟ್ರು ಬೆರಳು ತೆಗೆಯಲಿಲ್ಲ. ‘ಗೊತ್ತು,’ ಎಂದರು, ಉಸಿರಿನಲ್ಲಿ. ‘ಆವತ್ತೇ ಗೊತ್ತು. ಕಾಪಿ ನೋಡಿದ ತಕ್ಷಣ. ಎರಡು ಪರಂತು.’

‘ಹಾಗಾದ್ರೆ ನೀವು ಯಾಕೆ…’

‘ನೀವೇ ಹೇಳ್ತೀರಿ ಅಂತ.’ ಉಸಿರು ತೆಗೆದುಕೊಂಡರು. ‘ಸೋಮವಾರದಿಂದ ಶನಿವಾರದವರೆಗೂ ಕಾದೆ. ಆಮೇಲೆ ಬಿಟ್ಟೆ.’

‘ನಿಮಗೆ ಸಿಟ್ಟು ಬರೋದು ಸರಿ…’

‘ಸಿಟ್ಟಿತ್ತು. ಮೂರ್ನಾಲ್ಕು ವರ್ಷ.’ ಮತ್ತೆ ಉಸಿರು. ‘ಆಮೇಲೆ ಮಾತಾಡೋಕೆ ಏನೂ ಇರಲಿಲ್ಲ. ಅಷ್ಟೇ.’

ಅಷ್ಟೇ. ಹನ್ನೊಂದು ವರ್ಷ ಆ ಮೌನವನ್ನು ಅವನು ದೊಡ್ಡದೊಂದು ದ್ವೇಷವೆಂದು, ತನಗಾಗಿಯೇ ಯಾರೋ ಕಾಪಾಡಿಕೊಂಡು ಬಂದ ಬೆಂಕಿಯೆಂದು ನಂಬಿಕೊಂಡು ಬಂದಿದ್ದ. ಅಲ್ಲಿ ಏನೂ ಇರಲಿಲ್ಲ, ಖಾಲಿ. ಏನೋ ಕೈಜಾರಿ ಹೋಗುತ್ತಿರುವವನ ಹಾಗೆ ಅವನು ಇನ್ನೊಂದು ಮಾತನ್ನೂ ಹೇಳಿಬಿಟ್ಟ. ‘ನಿಮ್ಮ ದನಿ ಕೆಟ್ಟಿದ್ದು ನನಗೆ ಹೋದ ವರ್ಷಾನೇ ಗೊತ್ತಾಗಿತ್ತು. ಹೇಳಬೇಕಿತ್ತು. ಹೇಳಲಿಲ್ಲ.’

ಈಗ ಮೇಷ್ಟ್ರ ಬೆರಳು ಹಾಳೆಯಿಂದ ಮೇಲೆದ್ದಿತು. ‘ಯಾವಾಗ?’

‘ಶಾಲೆ ಪುಸ್ತಕ ಓದ್ತಿದ್ರಲ್ಲ, ಆಗ. ‘ಹ’ ಬಂದಾಗ ಗಾಳಿ ಬರ್ತಿತ್ತು.’

ಅವರು ಕಿಟಕಿಯತ್ತ ನೋಡುತ್ತ ಮನಸ್ಸಿನಲ್ಲೇ ತಿಂಗಳು ಎಣಿಸಿದರು. ಎಣಿಸುತ್ತಿದ್ದಾರೆಂದು ಅವನಿಗೆ ತುಟಿಯಿಂದ ಗೊತ್ತಾಯಿತು. ‘ನನಗೆ ಕೇಳಿಸ್ಲಿಲ್ಲ,’ ಎಂದರು. ‘ಮನೇಲೂ ಯಾರಿಗೂ ಕೇಳಿಸ್ಲಿಲ್ಲ. ಒಂದು ವರ್ಷ ಮುಂಚೆ ಬಂದಿದ್ರೆ ದನಿ ಉಳೀತಿತ್ತು ಅಂದ್ರು ಡಾಕ್ಟ್ರು.’ ಅವನ ಮುಖವನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ‘ನಿಮಗೆ ಕೇಳಿಸ್ತು,’ ಎಂದರು. ಆ ಮಾತಿನ ಕೊನೆಯಲ್ಲಿ ಪ್ರಶ್ನಾರ್ಥಕವಿತ್ತೋ ಫುಲ್‌ಸ್ಟಾಪಿತ್ತೋ ಅವನ ಕಿವಿಗೇ ತಿಳಿಯಲಿಲ್ಲ. ಮೇಷ್ಟ್ರು ಮೂಲ ಪ್ರತಿಯನ್ನು ಮೇಜಿನ ಮೇಲಿಂದ ಅವನತ್ತ ತಳ್ಳಿದರು. ಕೈಚಾಚಿ ಪೆನ್ಸಿಲು ತೆಗೆದುಕೊಂಡರು, ಪ್ರೂಫ್ ಹಾಳೆ ತಮ್ಮ ಕಡೆ ತಿರುಗಿಸಿಕೊಂಡರು. ಇನ್ನು ಹನ್ನೆರಡು ಪುಟವಿತ್ತು. ಅವನು ಓದಿದ. ಇಷ್ಟು ವರ್ಷದ ನಂತರ ತನ್ನ ದನಿ ತನಗೇ ಬಾಡಿಗೆಗೆ ತಂದ ಬಟ್ಟೆಯ ಹಾಗೆ ಸಡಿಲವಾಗಿತ್ತು. ಐದು ಗಂಟೆಗೆ ಕೊನೆಯ ಪುಟ ಮುಗಿಯಿತು. ಮೇಷ್ಟ್ರು ಕೆಳಗೆ ಸಹಿ ಹಾಕಿ, ಫ್ಲಾಸ್ಕು ಚೀಲಕ್ಕೆ ಹಾಕಿಕೊಂಡು, ಪಂಖ ಆರಿಸಿ ಹೊರಟುಹೋದರು.

ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಛೀಮಾರಿಯ ಪತ್ರವೊಂದನ್ನು ಕೊಟ್ಟು, ಅದರ ನಕಲನ್ನು ನೋಟೀಸು ಬೋರ್ಡಿಗೆ ಹಾಕಿದರು. ಅಂದಿನಿಂದ ಮಶೀನಿನವರು ಅವನನ್ನು ತಿದ್ದಪ್ಪ ಎನ್ನುವುದನ್ನೂ ಬಿಟ್ಟರು. ಹೊಲಿಗೆಯಕ್ಕ ಬೋರ್ಡಿನ ಮುಂದೆ ನಿಂತು ಕಷ್ಟಪಟ್ಟು ಅಕ್ಷರ ಕೂಡಿಸಿ ಓದಿದಳಂತೆ. ಕೋಣೆಗೆ ಬಂದು, ‘ಎಂಟು ದಿನ ಅಂಟಿಸಿದ್ವಿ ನಾವು, ಬೆರಳೆಲ್ಲ ಬೆಂದುಹೋಗಿತ್ತು,’ ಎಂದಳು. ಬೈಯುತ್ತಾಳೆಂದು ಕಾದ. ಬೈಯದೆ ಹೋದಳು. ಭಾನುವಾರ ಹೆಂಡತಿಗೆ ಫೋನಿನಲ್ಲಿ ಎಲ್ಲ ಹೇಳಿದ. ಅವಳು ಕೇಳಿಸಿಕೊಂಡು, ‘ಆವಾಗ ನಾನು ಮನೇಲೇ ಇದ್ನಲ್ಲ, ನನಗೂ ಹೇಳ್ಲಿಲ್ಲ,’ ಎಂದಳು. ಹಿಂದೆ ಮಗು ಏನೋ ಬೀಳಿಸಿದ ಸದ್ದು. ‘ಇಡ್ತೀನಿ,’ ಎಂದಳು.

ಒಂದು ಮಧ್ಯಾಹ್ನ ಆಸ್ಪತ್ರೆಗೆ ಹೋದ. ವಾರ್ಡಿನ ಬಾಗಿಲಲ್ಲಿ ಬೆಂಚಿನ ಮೇಲೆ ಮೇಷ್ಟ್ರ ಹೆಂಡತಿ ಕೂತಿದ್ದರು. ಅವರನ್ನು ಅವನು ಎಂದೂ ನೋಡಿರಲಿಲ್ಲ. ಕೈಯಲ್ಲಿದ್ದ ಫ್ಲಾಸ್ಕಿನಿಂದ ಗುರುತಿಸಿದ. ‘ಆಫೀಸಿನವರಾ? ಬನ್ನಿ, ಈಗ ತಾನೇ ನಿದ್ದೆ ಹತ್ತಿದೆ,’ ಎಂದು ಜಾಗ ಬಿಟ್ಟುಕೊಟ್ಟರು. ಎದುರು ಕುರ್ಚಿಯಲ್ಲಿ ಕೂರುವವನು ತಾನೇ ಎಂದು ಹೇಳಿಕೊಂಡ, ಮುಖಕ್ಕೆ ಏನಾದರೂ ಎರಚುತ್ತಾರೆಂದು ಕಣ್ಣು ತಗ್ಗಿಸಿ. ‘ಹೌದಾ?’ ಎಂದರು ಆಕೆ, ಬರೀ ಸೌಜನ್ಯದಿಂದ. ‘ಅವರು ಮನೇಲಿ ಆಫೀಸಿನ ವಿಷಯ ಏನೂ ಹೇಳಲ್ಲ ನೋಡಿ. ಎದುರಿಗೆ ಒಬ್ಬರು ಕೂರ್ತಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಬಂದಿದ್ದು ಒಳ್ಳೇದಾಯ್ತು ಅಣ್ಣ.’ ಅವನು ತಂದಿದ್ದ ಹಣ್ಣುಗಳನ್ನು ಆಕೆಯ ಕೈಗೆ ಕೊಟ್ಟು, ಯಾರು ಬಂದಿದ್ದರೆಂದು ಹೇಳಿ ಎನ್ನುವುದೋ ಹೇಳಬೇಡಿ ಎನ್ನುವುದೋ ತೋಚದೆ ಹಿಂದಿರುಗಿದ. ಬಸ್ಸಿನಲ್ಲಿ ಕಿಟಕಿಯಾಚೆ ಬೋರ್ಡುಗಳು ಹಾದುಹೋದವು. ಒಳಗೆ ಯಾರೂ ಓದಲಿಲ್ಲ.

ನಾಲ್ಕು ತಿಂಗಳ ಮೇಲೆ ಮೇಷ್ಟ್ರು ಕೆಲಸಕ್ಕೆ ಬಂದರು. ಕತ್ತಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಂಡಿದ್ದರು. ಅದರ ಹಿಂದೆ, ಉಸಿರಾಡಲೆಂದು ಮಾಡಿದ ತೂತು. ಅವನು ಏನೇನೋ ಸಿದ್ಧಮಾಡಿಕೊಂಡಿದ್ದ. ‘ಹೇಗಿದ್ದೀರಿ?’ ಎಂದಷ್ಟೇ ಬಂತು. ಮೇಷ್ಟ್ರು ತಲೆಯಾಡಿಸಿದರು, ಕುರ್ಚಿ ಎಳೆದುಕೊಂಡರು, ಪೆನ್ಸಿಲಿನ ತುದಿಯನ್ನು ಬೆರಳಿಗೆ ಒತ್ತಿ ನೋಡಿ ಮತ್ತೊಮ್ಮೆ ಕೆತ್ತಿಕೊಂಡರು. ಅಂದು ಬಾವಿ ಶುಚಿಗೊಳಿಸುವ ಬಗ್ಗೆ ಒಂದು ಕರಪತ್ರ. ಅವನು ಓದತೊಡಗಿದ. ಇಡೀ ಕೋಣೆಯಲ್ಲಿ ಈಗ ಅವನದೊಂದೇ ದನಿ. ಎದುರಿಗಿನ ಮೌನ ಕಾಯಿಲೆಯದೋ, ಮಾತಾಡೋಕೆ ಏನೂ ಇರಲಿಲ್ಲ ಎಂದಿದ್ದರಲ್ಲ ಆ ಹಳೆಯದೋ, ಅಥವಾ ಆಮೇಲೆ ಹುಟ್ಟಿದ ಬೇರೆ ಯಾವುದೋ, ತಿಳಿಯುವ ದಾರಿಯಿರಲಿಲ್ಲ. ಕೇಳಿದರೆ ಉತ್ತರಿಸುವ ದನಿಯೂ ಇರಲಿಲ್ಲ. ಎರಡನೆಯ ಪುಟದಲ್ಲಿ ಮೇಷ್ಟ್ರಿಗೆ ಕೆಮ್ಮು ಬಂತು. ಕೆಮ್ಮು ಬಾಯಿಂದಲ್ಲ, ಕತ್ತಿನ ಬಟ್ಟೆಯಿಂದ ಬಂತು, ಕೊಳವೆಯೊಳಗೆ ನೀರು ನುಗ್ಗಿದ ಹಾಗೆ, ಬಟ್ಟೆ ಮುಂದಕ್ಕೆ ಹಾರಿತು. ಅವನು ಓದುವುದನ್ನು ನಿಲ್ಲಿಸಿದ. ಮೇಷ್ಟ್ರು ಮುಖ ತಿರುಗಿಸಿ, ಕರವಸ್ತ್ರ ಒತ್ತಿಹಿಡಿದು, ಒರೆಸಿಕೊಂಡು, ಮತ್ತೆ ಪೆನ್ಸಿಲು ಹಿಡಿದರು. ಅವನು ಓದಿದ. ಸ್ವಲ್ಪ ಹೊತ್ತಿಗೆ ಮತ್ತೆ ಕೆಮ್ಮು. ಮತ್ತೆ ನಿಲ್ಲಿಸಿದ, ಈ ಸಲ ನೀರಿನ ಲೋಟವನ್ನೂ ಮುಂದೆ ಸರಿಸಿದ. ಮೂರನೆಯ ಸಲ ನಿಲ್ಲಿಸಿದಾಗ ಮೇಷ್ಟ್ರ ಕಿವಿ ಕೆಂಪಾಗಿತ್ತು. ಅವರು ಪ್ರೂಫಿನ ಒಂದು ಹಾಳೆ ತೆಗೆದು, ಅದರ ಹಿಂಬದಿಯಲ್ಲಿ, ಮಕ್ಕಳಿಗೆ ಬರೆಯಲು ಕಲಿಸಿದವರ ದುಂಡಗಿನ ಅಕ್ಷರದಲ್ಲಿ ಎರಡು ಸಾಲು ಬರೆದು ಅವನತ್ತ ತಿರುಗಿಸಿದರು.

‘ಕೆಮ್ಮಿದಾಗಲೆಲ್ಲ ನಿಲ್ಲಿಸಬೇಡಿ. ಓದಿ.’

ಅವನು ಹೂಂ ಎಂದ. ಹಾಳೆ ವಾಪಸು ಹೋಯಿತು, ಅಡಿಪಟ್ಟಿ ಸಾಲಿನ ಕೆಳಗೆ ಬಂತು. ‘ಬಾವಿಯ ತಳಕ್ಕೆ ಇಳಿಯುವ ಮೊದಲು, ಕಾಮಾ,’ ಎಂದು ಶುರುಮಾಡಿದ. ಅರ್ಧ ಪ್ಯಾರಾ ಆಗಿರಬಹುದು, ಕೆಮ್ಮು ಬಂತು, ಹಿಂದಿನದಕ್ಕಿಂತ ಜೋರಾಗಿ, ಬಿಡುವಿಲ್ಲದೆ. ಅವನ ಕಣ್ಣು ಹಾಳೆ ಬಿಟ್ಟು ಮೇಲೇಳಲು ಹವಣಿಸಿತು. ಬೆರಳನ್ನು ಸಾಲಿನ ಮೇಲೆ ಒತ್ತಿಹಿಡಿದು, ಆ ಸದ್ದಿನ ಮೇಲೆ ಕೇಳಿಸುವಷ್ಟು ದನಿ ಏರಿಸಿ, ಒಂದು ಅಕ್ಷರವೂ ಬಿಡದೆ ಅವನು ಓದುತ್ತ ಹೋದ.